ಷಡ್ಡಕನ ದೋಣಿ, ನನ್ನ ಕೆಂಪು ಬಣ್ಣ

ಕೇಳಿ ಸ್ನೇಹಿತರೇ, ಹೇಮಾವತಿ ದಂಡೆಯಲ್ಲಿ ಇವತ್ತು ನನ್ನ ಮಾನ ಹೋಯಿತು. ನಾನೂ ನನ್ನ ಷಡ್ಡಕನೂ ಅಕ್ಕಪಕ್ಕದಲ್ಲೇ ಒಂದೊಂದು ದೋಣಿ ಕಟ್ಟಿಕೊಂಡಿದ್ದೇವೆ. ಅವನದಕ್ಕೆ ಆಗಲೇ ಹಸಿರು ಬಣ್ಣ ಆಗಿತ್ತು. ಹೊಳೆನರಸೀಪುರದವರೆಲ್ಲ ಅದನ್ನೇ ಹೊಗಳುತ್ತಿದ್ದರು. ಅದನ್ನು ಮಂಕಾಗಿಸಲೆಂದೇ ನಾನು, ಯುದ್ಧದ ಈ ಅಭಾವದಲ್ಲೂ ಹಾಸನವೆಲ್ಲ ಅಲೆದು, ಕಡುಗೆಂಪು ಬಣ್ಣ ತಂದು ಸೊಳ್ಳೆ ಔಷಧಿಯ ಪಂಪಿಗೆ ತುಂಬಿಸಿದೆ.

"ಗಾಳಿ ನನ್ ದೋಣಿ ಕಡೀಕೇ ಬೀಸ್ತಾ ಐತೆ, ಸಂಜೆಗಂಟ ತಡ್ಯೋ. ಮೂಗಿಗೆ ಬಟ್ಟೆನಾರ ಕಟ್ಕೊ" ಅಂದ ಷಡ್ಡಕ.

ಅವನ ಮಾತು ನಾನು ಕೇಳುವುದುಂಟೆ? ಪಂಪು ಹೊಡೆದೆ. ಬಣ್ಣವೆಲ್ಲ ತುಂತುರಾಗಿ ಹಾರಿ ಅವನ ದೋಣಿಯ ಮೂತಿಯ ಮೇಲೆ ಕೂತಿತು.

ಬುತ್ತಿ ತಂದ ನನ್ನ ಹೆಂಡತಿ ನೋಡಿ, "ಭಾವನ ದೋಣಿ ಕುಂಕ್ಮ ಇಟ್ಟಂಗೆ ಲಕ್ಷಣವಾಗೈತೆ ಕಣ್ರೀ" ಅಂದಳು.

ಅವನು ಅಲ್ಲೇ ಕಾಯಿ ಒಡೆದು ಪೂಜೆಯನ್ನೂ ಮುಗಿಸಿಬಿಟ್ಟ. ನನ್ನ ದೋಣಿ ಇನ್ನೂ ಬರೀ ಮರ. ನನ್ನ ಕಡೆ ಕೆಂಪಗಾಗಿರುವುದು ಮೀಸೆ ಮಾತ್ರ.