ಕುರಿಗೆ ಹಾಕುವ ಬಿಳಿ ಔಷಧಿ

ಸುತ್ತು ರೋಗ ಬಂದ ಕುರಿಯನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ತಳಕಿನ ಹತ್ತಿರದ ಈ ಹಳ್ಳಿಗೆ ಬಂದ ವರ್ಷ. ನನ್ನ ತವರು ಮೊಳಕಾಲ್ಮುರು, ರೇಷ್ಮೆ ಸೀರೆ ನೇಯುವ ಮನೆ. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಕುರಿಯ ಸಂಗತಿ ಒಂದೂ ಗೊತ್ತಿರಲಿಲ್ಲ. ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಒಂದು ಹೆಣ್ಣು ಕುರಿ ತಲೆ ಓರೆ ಮಾಡಿಕೊಂಡು ಎಡಕ್ಕೇ ಸುತ್ತುತ್ತಿತ್ತು, ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ. ನಾನು ನಕ್ಕೆ. ಅತ್ತೆ ನಗಲಿಲ್ಲ.

"ಬಲಗಡೆ ನಿಂತು ಕರಿ," ಅಂದರು.

ಶೇಂಗಾ ಬಳ್ಳಿ ಹಿಡಿದು ಕರೆದೆ. ಕುರಿಗೆ ಆಸೆಯೇನೋ ಇತ್ತು, ಕಿವಿ ನಿಮಿರಿಸಿತು. ಕಾಲು ಮಾತ್ರ ಮತ್ತೆ ಎಡಕ್ಕೇ ಎಳೆಯಿತು.

"ಅದರ ತಲೆಯಾಗೆ ಹುಳದ ಗುಳ್ಳೆ ಐತೆ ಕಣಮ್ಮ. ಇನ್ನು ನಾವು ಕರೆದ ಕಡೆ ಬರಾಕಾಗಲ್ಲ ಅದಕ್ಕೆ."

ಆಮೇಲೆ ಅತ್ತೆ ಅದನ್ನು ಮೊಣಕಾಲ ನಡುವೆ ಹಿಡಿದು, ಹೆಬ್ಬೆರಳಿನಿಂದ ನೆತ್ತಿಯ ಮೂಳೆಯನ್ನು ಒತ್ತಿ ಒತ್ತಿ ನೋಡಿದರು. ಗುಳ್ಳೆ ಇರುವಲ್ಲಿ ಮೂಳೆ ತೆಳ್ಳಗಾಗಿ ಮೆತ್ತಗಿರುತ್ತದಂತೆ. ಹಳೆಯ ಕಾಲದ ಕುರುಬರು ಅಲ್ಲಿಯೇ ಕೊಯ್ದು ಗುಳ್ಳೆ ತೆಗೆಯುತ್ತಿದ್ದರಂತೆ. ನಾನು ಒಳಗೆ ಹೋಗಿಬಿಟ್ಟೆ.

ಅದೆಲ್ಲ ಮತ್ತೆ ನೆನಪಿಗೆ ಬಂದದ್ದು ನನ್ನ ಗಂಡನಿಗೆ ಫಿಟ್ಸ್ ಬಂದಾಗ. ಅವರದು ಚಳ್ಳಕೆರೆ ಸಂತೆಯಲ್ಲಿ ಕುರಿ ವ್ಯಾಪಾರ. ಸಂತೆಗೆ ಹೊರಟವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಬಲಗೈ ತಾನಾಗಿಯೇ ಅದುರಿತು, ಲೋಟ ಉರುಳಿತು, ಮನುಷ್ಯನೂ ಉರುಳಿದ. ಹಲ್ಲು ಕಚ್ಚಿಕೊಂಡು, ಕಣ್ಣು ಮೇಲೆ ಹೋಗಿ. ಹೆಸರು ಹಿಡಿದು ಕೂಗಬಾರದೆಂದು ಕಲಿತಿದ್ದ ನಾನು ಆವತ್ತು ಹೆಸರು ಹಿಡಿದೇ ಕೂಗಿದೆ.

ದುರ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೆದುಳಿನ ಎಡಭಾಗದಲ್ಲಿ ಬಟಾಣಿ ಕಾಳಿನಷ್ಟು ಗುಳ್ಳೆ. "ಲಾಡಿಹುಳದ ಮರಿ," ಅಂದರು ಡಾಕ್ಟರು. ಫಿಟ್ಸ್ ಮಾತ್ರೆ ಬರೆದುಕೊಟ್ಟರು. "ಹುಳದ ಔಷಧಿ ಈಗಲೇ ಬೇಡ. ಕಣ್ಣಲ್ಲೂ ಗುಳ್ಳೆ ಇದೆಯೋ ಏನೋ, ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಆಮೇಲೆ ಇಲ್ಲೇ ಇಟ್ಟುಕೊಂಡು ಕೊಡ್ತೀವಿ."

ಅತ್ತೆಗೆ ಕೇಳಿಸಿದ್ದು ಹುಳ ಅನ್ನುವ ಮಾತೊಂದೇ.

ಮನೆಗೆ ಬಂದವರೇ ಮಗನನ್ನು ಕಾಲ ನಡುವೆ ಕೂರಿಸಿಕೊಂಡರು. ತಲೆಗೆ ಎಣ್ಣೆ ಹಚ್ಚಲಿಕ್ಕೆ ಅಂದುಕೊಂಡೆ. ಹೆಬ್ಬೆರಳು ನೆತ್ತಿಯ ಮೇಲೆ ನಿಂತಾಗ ಅದು ಎಣ್ಣೆಗಲ್ಲವೆಂದು ಗೊತ್ತಾಯಿತು.

"ಏನವ್ವಾ, ಸಂತೆಯಾಗೆ ಟಗರು ನೋಡ್ದಂಗೆ ನೋಡ್ತೀಯ," ಅಂದರು ಇವರು.

"ಟಗರಾಗಿದ್ರೆ ಇಷ್ಟೊತ್ತಿಗೆ ಮಾರಿರ್ತಿದ್ದೆ, ಸುಮ್ಕಿರಲೇ."

ಇಬ್ಬರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಬೆರಳು ಎಡಗಿವಿಯ ಮೇಲೆ ಒಂದು ಕಡೆ ನಿಂತಿತು, ಕದಲಲಿಲ್ಲ. ಮೂವರ ನಗೆಯೂ ಅಲ್ಲಿಗೆ ನಿಂತಿತು. "ಗಟ್ಟಿ ಐತೆ," ಅಂದರು ಅತ್ತೆ ಕೊನೆಗೆ. ಆದರೆ ಆ ಬೆರಳು ಅಷ್ಟು ಹೊತ್ತು ಅಲ್ಲಿ ಏನು ಹುಡುಕಿತೋ ನನಗೆ ಈಗಲೂ ತಿಳಿಯದು.

ನನ್ನ ತಂಗಿಯ ವಿಷಯ ಹೇಳಬೇಕು. ಅವಳು ರೋಗನಿರೋಧಕ ಶಕ್ತಿಯ ಬಗ್ಗೆ ಓದಿದವಳು. ಮೆದುಳಿನೊಳಗೆ ಹುಟ್ಟಿನಿಂದಲೇ ಇರುವ ಕಾವಲು ಕೋಶಗಳು ರೋಗ ಬಂದಾಗ ಏನು ಮಾಡುತ್ತವೆ ಎಂದು ನೋಡುವುದೇ ಅವಳ ಸಂಶೋಧನೆ. ಅವಕ್ಕೆ ಕವಲೊಡೆದ ಕೈಗಳಿರುತ್ತವಂತೆ, ಯಾರೂ ಕಲಿಸದಿದ್ದರೂ ಸುತ್ತಮುತ್ತ ತಡವಿ ನೋಡುತ್ತಲೇ ಇರುತ್ತವಂತೆ. "ಇರುಳು ಎದ್ದು ಬಾಗಿಲ ಅಗಳಿ ಮುಟ್ಟಿ ನೋಡ್ತಾಳಲ್ಲ ನಮ್ಮವ್ವ, ಹಂಗೆ," ಎಂದು ಒಮ್ಮೆ ಹೇಳಿದ್ದಳು. ನಮ್ಮ ತವರಿನಲ್ಲಿ ತೆಲುಗು ಕನ್ನಡ ಎರಡೂ ಕಲಸಿಯೇ ಆಡುವುದು. ಏನೇ ಆದರೂ ಅವಳ ಬಾಯಲ್ಲಿ ಮೊದಲು ಬರುವುದು "ಏಮೀ ಕಾದು", ಏನೂ ಆಗಲ್ಲ ಅಂತ. ಮಗ್ಗದಲ್ಲಿ ಎಳೆ ಕಡಿದರೂ ಅದೇ, ಪರೀಕ್ಷೆಯ ದಿನವೂ ಅದೇ. ಸ್ಕ್ಯಾನಿನ ಸುದ್ದಿ ಹೇಳಿದಾಗಲೂ ಫೋನಿನಲ್ಲಿ ಅದನ್ನೇ ಅಂದಳು. ನಾನು ನಂಬಿದೆ.

ಕಣ್ಣಿನ ಪರೀಕ್ಷೆಗೆ ಹೋಗುವುದು ಇನ್ನೂ ಬಾಕಿಯಿತ್ತು. ಒಂದು ಬೆಳಿಗ್ಗೆ ಇವರು ತಲೆ ಹಿಡಿದುಕೊಂಡು ಎದ್ದರು, ಎದ್ದವರೇ ವಾಂತಿ ಮಾಡಿದರು. ಅಂಗಿಯ ಗುಂಡಿ ಹಾಕಲು ಬಲಗೈಗೆ ಆಗಲಿಲ್ಲ. "ಏನಾಗ್ತೈತೆ?" ಅಂದೆ. ಏನೋ ಹೇಳಹೋದರು, ಮಾತು ನಾಲಿಗೆಯಲ್ಲೇ ತೊಡರಿಕೊಂಡಿತು. ತಂಗಿ ಆಗ ರಜೆಗೆಂದು ಮೊಳಕಾಲ್ಮುರಿಗೆ ಬಂದಿದ್ದಳು. ಫೋನು ಮಾಡಿದೆ.

"ಭಾವ ಹೊಸ ಔಷಧಿ ಏನಾದ್ರೂ ತಗೊಂಡ್ರಾ?"

"ಇಲ್ಲ ಕಣೆ, ಅವೇ ಮಾತ್ರೆ."

ರೊಪ್ಪದ ಕಡೆಯಿಂದ ಅತ್ತೆ ಬಂದು ನಿಂತಿದ್ದರು. "ಮಜ್ಜಿಗೆಯಾಗೆ ಹಾಕಿದ್ದೆ," ಅಂದರು. "ಕುರಿಗೆ ಕುಡಿಸ್ತೀವಲ್ಲ, ಆ ಬಿಳೀದು. ಮೂರ್ನಾಲ್ಕು ದಿನದಿಂದ. ಅವನಿಗೂ ಗೊತ್ತು."

ಅವನಿಗೂ ಗೊತ್ತು. ಕುರಿಗೆ ಹಾಕುವ ಹುಳದ ಔಷಧಿಯನ್ನು ಇವರು ಗೊತ್ತಿದ್ದೇ ಕುಡಿದಿದ್ದರು. ಎಷ್ಟೋ ಕುರಿಗಳ ಹೊಟ್ಟೆಹುಳ ಅದರಿಂದಲೇ ಹೋಗಿದ್ದನ್ನು ತಾಯಿ ಮಗ ಇಬ್ಬರೂ ಕಣ್ಣಾರೆ ಕಂಡಿದ್ದರು. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆಂದು ಮಾತ್ರ ಇಬ್ಬರಿಗೂ ಹೊಳೆದಿತ್ತು.

ಅತ್ತೆಯ ಮಾತು ಫೋನಿನಲ್ಲಿ ತಂಗಿಗೂ ಕೇಳಿಸಿತ್ತು. "ಏಮೀ ಕಾದು" ಬರುತ್ತದೆಂದು ಕಾದೆ. ಬರಲಿಲ್ಲ.

"ಅಕ್ಕಾ, ಈಗಲೇ ದುರ್ಗಕ್ಕೆ ಹೊರಡು. ಬಸ್ಸಿಗೆ ಕಾಯಬೇಡ. ಆ ಬಾಟಲಿನೂ ತಗೊಂಡು ಹೋಗು. ನಾನೂ ಬರ್ತೀನಿ."

ಹೆದರಿಕೆ ಅಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ಅಷ್ಟು ಓದಿದವಳ ದನಿಯಲ್ಲಿ ಒಂದು ಮಾತು ಕಡಿಮೆಯಾದಾಗ.

ರಸ್ತೆಯ ಆಚೆ ಗಾಡಿ ರಿಪೇರಿ ಮಾಡುವ ಭಾಯಿ, ರಿಪೇರಿಗೆ ಬಂದಿದ್ದ ಯಾರದೋ ಕಾರನ್ನೇ ತಂದು ನಿಲ್ಲಿಸಿದ. "ಕೂತ್ಕಳ್ರೀ ಅಕ್ಕಾ, ಗಾಡಿ ಮಾಲೀಕನಿಗೆ ಆಮೇಲೆ ಹೇಳಿದ್ರಾಯ್ತು. ಜಲ್ದಿ." ಅತ್ತೆ ಮುಂದೆ ಕುಳಿತರು, ಬಾಟಲಿ ಸೆರಗಿನಲ್ಲಿ. ಇವರ ತಲೆ ನನ್ನ ತೊಡೆಯ ಮೇಲೆ. ಕಣ್ಣುಗಳು ಎಡಕ್ಕೇ ನೆಟ್ಟಿದ್ದವು. ನನಗೆ ಆ ಕುರಿ ನೆನಪಾಯಿತು. ಅವರ ಬಲಗಡೆಗೆ ಬಾಗಿ ಕರೆದೆ. ಮತ್ತೆ ಕರೆದೆ. ತಿರುಗಲಿಲ್ಲ. ಚಳ್ಳಕೆರೆ ದಾಟುವ ತನಕ ಕರೆಯುತ್ತಲೇ ಇದ್ದೆ. ಕೊನೆಗೆ ಭಾಯಿಯೇ, "ಅಕ್ಕಾ, ಅವರಿಗೆ ದಣಿವಾಗ್ತೈತೆ, ಬಿಡ್ರಿ," ಅಂದ.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದೊಯ್ದರು. ಗುಳ್ಳೆಯ ಸುತ್ತ ಮೆದುಳು ಬಾತುಕೊಂಡಿದೆ, ಬಾವು ಇಳಿಯಲು ಇಂಜೆಕ್ಷನ್ ಕೊಡುತ್ತಿದ್ದೇವೆ, ಈಗಲೇ ಏನೂ ಹೇಳಲಾಗದು ಅಂದರು. ಮಧ್ಯಾಹ್ನದ ಹೊತ್ತಿಗೆ ತಂಗಿ ಬಂದಳು. ಅತ್ತೆ ಬೆಂಚಿನ ಮೇಲೆ ಮುದುಡಿ ಕುಳಿತಿದ್ದರು.

"ನಮ್ಮ ಕುರಿಯಿಂದಲೇ ಬಂತೇನಮ್ಮ ಅವನಿಗೆ?"

"ಇಲ್ಲ ಅತ್ತೆ. ಅದು ಬೇರೆ ಹುಳ, ಇದು ಬೇರೆ. ಇದರ ಮೊಟ್ಟೆ ತೊಳೀದ ಸೊಪ್ಪಿಂದ, ಕೊಳೆ ಕೈಯಿಂದ ಬರ್ತೈತೆ. ಯಾರಿಗಾದ್ರೂ ಬರಬಹುದು."

"ಮತ್ತೆ ಹುಳ ಸತ್ತರೆ ಒಳ್ಳೇದಲ್ವಾ?"

ತಂಗಿ ಅವರ ಪಕ್ಕದಲ್ಲೇ ಕುಳಿತಳು. "ರೊಪ್ಪದಾಗೆ ತೋಳ ನುಗ್ಗೈತೆ ಅಂತ ಇಟ್ಕಳ್ರಿ. ವಾಸನೆ ಸಿಗದಂಗೆ ಮೂಲೇಲಿ ಮಲಗೈತೆ. ನಾಯಿಗಳಿಗೆ ಗೊತ್ತೇ ಆಗಿಲ್ಲ. ನೀವು ತೋಳನ್ನ ಹೊಡೆದ್ರಿ. ರಕ್ತದ ವಾಸನೆ ಬಂದಿದ್ದೇ ನಾಯಿಗಳೆಲ್ಲ ಒಟ್ಟಿಗೆ ಒಳಗೆ ನುಗ್ಗಿದ್ವು. ಕುರಿಮರಿ ಕಾಲ್ತುಳಿತಕ್ಕೆ ಸಿಕ್ತಾವೆ. ಭಾವನ ತಲೇಲಿ ಆಗಿರೋದು ಅದು."

"ಹಂಗಾದ್ರೆ ನಾನು ಹೊಡೀಬಾರದಾಗಿತ್ತು."

"ಹೊಡೀಬೇಕು. ಮೊದಲು ಬಾವು ತಡೆಯೋ ಔಷಧಿ ಕೊಟ್ಟು ನಾಯಿ ಕಟ್ಟಬೇಕಿತ್ತು. ಅದಕ್ಕೇ ಆಸ್ಪತ್ರೇಲಿ ಇಟ್ಕಂಡು ಕೊಡ್ತೀವಿ ಅಂದಿದ್ದು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ನಾಯಿ ಕಟ್ಟಿದಾಗ ಇನ್ನೊಂದು ತೋಳ ಬಂದ್ರೆ?"

"ನಮ್ಮ ಲ್ಯಾಬಿನೋರಿಗೂ ಅದೇ ಭಯ. ಎಲ್ಲಾ ನಾಯೀನೂ ಕಟ್ಟದೆ, ಹುಚ್ಚೆದ್ದಿದ್ದನ್ನ ಮಾತ್ರ ಹಿಡಿಯೋದು ಹೆಂಗೆ ಅಂತ ಹುಡುಕ್ತಿದೀವಿ. ಇನ್ನೂ ಸಿಕ್ಕಿಲ್ಲ."

"ಅದೇನೋ ಅಂತೀಯಲ್ಲ, ನಿಮ್ಮ ಮನೆ ಮಾತು. ಅದನ್ನ ಒಂದ್ಸಲ ಅನ್ನಮ್ಮ."

ತಂಗಿ ಅತ್ತೆಯ ಕೈ ಹಿಡಿದುಕೊಂಡಳು. "ಸ್ವಲ್ಪ ತಡೀರಿ ಅತ್ತೆ," ಅಂದಳು. ನನ್ನ ಕಡೆ ನೋಡಲಿಲ್ಲ.

ಬಾವು ಇಳಿಯಿತು, ನಿಧಾನವಾಗಿ. ಮೊದಲು ಮಾತು ಬಂತು, ಆಮೇಲೆ ಕೈ. ಮನೆಗೆ ಬಂದ ಎಷ್ಟೋ ತಿಂಗಳ ಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಗುಳ್ಳೆಯಿದ್ದ ಜಾಗದಲ್ಲಿ ಸುಣ್ಣದ ಕಾಳಿನಂಥ ಚುಕ್ಕೆ ಉಳಿದಿತ್ತು. ಹುಳ ಸತ್ತಿದೆ, ಆದರೆ ಆ ಗಾಯದ ಗುರುತಿನಿಂದಲೂ ಫಿಟ್ಸ್ ಮರಳಬಹುದು, ಮಾತ್ರೆ ಬಿಡಬೇಡಿ ಅಂದರು ಡಾಕ್ಟರು. ತಂಗಿಗೆ ಚಿತ್ರ ಕಳಿಸಿದೆ. "ಚೆನ್ನಾಗೈತೆ ಅಕ್ಕಾ," ಅಂದಳು. ಆ ಇನ್ನೊಂದು ಮಾತನ್ನು ನಾನೂ ಕೇಳಲಿಲ್ಲ.

ಬಿಳಿ ಔಷಧಿಯ ಬಾಟಲಿ ಈಗ ರೊಪ್ಪದ ಗೂಡಿನಲ್ಲೇ ಇರುತ್ತದೆ, ಮನೆಯೊಳಗೆ ಬರುವುದಿಲ್ಲ. ಮಜ್ಜಿಗೆಯನ್ನು ಅತ್ತೆ ನನ್ನ ಕೈಯಿಂದಲೇ ಕೊಡಿಸುತ್ತಾರೆ.

ಮೊನ್ನೆ ಸಂಜೆ ಇವರು ರೊಪ್ಪದ ಬೇಲಿ ನೋಡುತ್ತ ಸುತ್ತು ಹೊಡೆಯುತ್ತಿದ್ದರು. ಎಡಗಡೆಯಿಂದಲೇ ಹೊರಟರು, ಮತ್ತೆ ಎಡಕ್ಕೇ ತಿರುಗಿದರು.  ಕೆಲಸ ಬಿಟ್ಟು ಓಡಿ ಬಲಗಡೆ ನಿಂತು, "ರೀ," ಅಂದೆ.

ನಿಂತರು. ಬಲಕ್ಕೆ ತಿರುಗಿ ನನ್ನನ್ನು ನೋಡಿದರು. ಆ ಕುರಿಯ ಸಂಗತಿ, ಕಾರಿನಲ್ಲಿ ಕರೆದದ್ದು, ಎಲ್ಲ ಅವರಿಗೆ ಹೇಳಿದ್ದೆ. ನನ್ನ ಮುಖ ಕಂಡದ್ದೇ ಎಲ್ಲ ಅರ್ಥವಾಗಿ, ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು ಬಂದರು.

"ಸಾಕಾ? ಇಲ್ಲ, ಶೇಂಗಾ ಬಳ್ಳಿನೂ ತಂದಿದೀಯಾ?"

ನಕ್ಕೆ. ಆದರೂ ಅವರು ಬೇಲಿಯ ಆ ತುದಿ ಮುಟ್ಟಿ ವಾಪಸ್ಸು ಬರುವ ತನಕ ಅಲ್ಲೇ ನಿಂತಿದ್ದೆ.