ಭಾವನ ಕೋಲಿಗೆ ಒಪ್ಪದ ಲೈನು

ಹವ್ಯಾಸಕ್ಕೆಂದು ಮೀನು ಹಿಡಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊಣಕಾಲುದ್ದದ ತಣ್ಣೀರಿನಲ್ಲಿ ಅರ್ಧ ದಿನ ನಿಂತು, ಸಿಕ್ಕಿದ್ದನ್ನು ಮತ್ತೆ ನೀರಿಗೇ ಬಿಟ್ಟು, ಬರಿಗೈಯಲ್ಲಿ ಮನೆಗೆ ಬಂದು ಊಟ ಎಲ್ಲಿ ಎಂದು ಕೇಳುವ ಜನ ಅವರು. ಅಂಥವರಿಗೆಲ್ಲ ಯಜಮಾನ ನನ್ನ ಅಕ್ಕನ ಗಂಡ.

ಭಾವನ ಕಸುಬು ಲಿಫ್ಟ್ ರಿಪೇರಿ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಒಳಗಿನಿಂದ ಅರಚಿಕೊಳ್ಳುತ್ತಿದ್ದರೆ ಇವರು ಹೊರಗೆ ಸ್ಪ್ಯಾನರ್ ಹಿಡಿದು, "ಸ್ವಲ್ಪ ತಾಳಿ, ಎಲ್ಲಿಗೂ ಹೋಗ್ಬೇಡಿ" ಎನ್ನುತ್ತಿದ್ದರು. ಒಳಗಿದ್ದವರೂ ನಕ್ಕುಬಿಡುತ್ತಿದ್ದರು. ನನ್ನನ್ನೂ ಒಬ್ಬ ಮೀನುಗಾರನನ್ನಾಗಿ ಮಾಡಬೇಕೆಂದು ಅವರು ಹೆಣಗಿದ್ದು ಅಷ್ಟಿಷ್ಟಲ್ಲ. "ನೋಡೋ, ಗರಿ ಕಟ್ಟಿದ ಗಾಳಕ್ಕೆ ತೂಕ ಎಲ್ಲಿದೆ? ಅದನ್ನ ಹೊತ್ಕೊಂಡು ಹೋಗೋದು ಲೈನಿನ ತೂಕ. ಲಿಫ್ಟಿಗೆ ಆ ಕಡೆ ಎದುರು ತೂಕ ಕಟ್ಟಿರ್ತಾರಲ್ಲ, ಹಾಗೆ. ಲೈನು ಹಗುರ ಆದ್ರೆ ಕೋಲು ಬಾಗಲ್ಲ. ಕೋಲು ಬಾಗಲಿಲ್ಲ ಅಂದ್ರೆ ಗಾಳ ನಿನ್ನ ಕಾಲ ಹತ್ರಾನೇ ಬೀಳುತ್ತೆ." ಅಪ್ಪಿತಪ್ಪಿ ನಾನು ಅದನ್ನು ದಾರ ಎಂದರೆ ಮುಖ ಸಿಂಡರಿಸುತ್ತಿದ್ದರು. ಗಾಳ ಹತ್ತಿರವೇ ಬಿದ್ದಾಗ ಲೈನನ್ನು ಬೈಯುವ ಗೆಳೆಯರಿಗೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಛೇಡಿಸುತ್ತಿದ್ದರು.

ಅಂಥ ಮನುಷ್ಯನಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಹೇಗೋ ಚೇತರಿಸಿಕೊಂಡಿತು. ಬಲಗೈ ಮಾತ್ರ ಭುಜದಿಂದ ಜೋತುಬಿದ್ದ ಹಾಗೇ ಉಳಿಯಿತು. ಬೆರಳು ಮಡಚಿದರೆ ಮಡಚಿದಂತೆ, ಬಿಡಿಸಿದರೆ ಬಿಡಿಸಿದಂತೆ. ಆಸ್ಪತ್ರೆಯಿಂದ ಬಂದವರು ಗೋಡೆಗೆ ಮುಖ ಮಾಡಿ ಮಲಗಿದರು. ನುಂಗಿದೆ ಎಂದು ಹೇಳಿದ ಮಾತ್ರೆಗಳೆಲ್ಲ ದಿಂಬಿನ ಕೆಳಗೆ ಸಿಕ್ಕವು. ಕೇಳಿದ್ದಕ್ಕೆ, "ಇನ್ನು ನನ್ನನ್ನ ಎಬ್ಬಿಸಬೇಡ" ಎಂದರಂತೆ. ಅಕ್ಕ ನಾನು ಕೆಲಸ ಮಾಡುವ ಗೋದಾಮಿಗೇ ಓಡಿಬಂದಳು. ಪೆಟ್ಟಿಗೆಗಳ ಸಾಲಿನ ನಡುವೆ ಕೂತು, "ಅವರು ಬದುಕೋದು ಬೇಡ ಅಂತ ತೀರ್ಮಾನ ಮಾಡ್ಬಿಟ್ಟಿದಾರೆ ಕಣೋ" ಎಂದು ಅತ್ತಳು. ಅವಳು ಹಾಗೆ ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಗಾಳದ ಅಂಗಡಿ ಇಟ್ಟಿದ್ದ ಭಾವನ ಗೆಳೆಯ, ಎರಡೂ ಕೈಯಲ್ಲಿ ಹಿಡಿದು ಬೀಸುವ 'ಎರಡು ಕೈ ಕೋಲ'ನ್ನು ಹಿಡಿದು ಮನೆಗೆ ಬಂದದ್ದು ಆ ದಿನಗಳಲ್ಲೇ. ಆಳೆತ್ತರಕ್ಕೆ ಎರಡು ಪಟ್ಟು ಉದ್ದದ್ದು. ಕೆಳಗಿನ ಹಿಡಿಯನ್ನು ಎಡಗೈ ಎಳೆಯಬೇಕು, ಮೇಲಿನ ಹಿಡಿಯನ್ನು ಬಲಗೈ ಸುಮ್ಮನೆ ಹಿಡಿದಿದ್ದರೆ ಸಾಕು ಎಂದು ತೋರಿಸಿಕೊಟ್ಟ. ಭಾವ ಎದ್ದು ಕೂತರು. "ಹೊಳೆಯ ಆಚೆ ದಡದ ಬಂಡೆಗೆ ಒಂದು ಸಲ ಗಾಳ ಮುಟ್ಟಿಸ್ತೀನಿ. ಮುಟ್ಟಿದ್ರೆ ನಾನಿನ್ನೂ ಇದ್ದೀನಿ ಅಂತ ಲೆಕ್ಕ" ಎಂದರು. ಮುಟ್ಟದಿದ್ದರೆ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಆ ರಾತ್ರಿ ಅವರು ಕೇಳಿ ಬಡಿಸಿಕೊಂಡು ಉಂಡರು.

ಭಾನುವಾರಗಳು ಶುರುವಾದವು. ಕಾರು ನನ್ನದು, ಗೊಣಗಾಟವೂ ನನ್ನದೇ. ಮೊದಲ ಸಲ ಹಾಕಿದ್ದು ಉದ್ದನೆಯ ಲೈನು. ಅದು ಭಾವನ ಕಾಲ ಬುಡದಲ್ಲೇ ಸಿಕ್ಕುಸಿಕ್ಕಾಗಿ ಬಿತ್ತು. ಅವರ ಮುಖ ಕಪ್ಪಿಟ್ಟದ್ದನ್ನು ಕಂಡು ಅಕ್ಕ ಥಟ್ಟನೆ, "ಲೈನು ಉದ್ದ ಆಯ್ತು ಅನ್ಸುತ್ತೆ ರೀ" ಎಂದಳು. ಏನೋ ಬಾಯಿಗೆ ಬಂದದ್ದನ್ನು ಹೇಳಿದ್ದಳು ಅಷ್ಟೆ. ಭಾವ ಅವಳನ್ನು ಒಂದು ಗಳಿಗೆ ನೋಡಿ, "ಇರಬಹುದು" ಎಂದರು. ಆ ವಾರವೆಲ್ಲ ತಪ್ಪದೆ ಮಾತ್ರೆ ನುಂಗಿದರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಗಿಡ್ಡನೆಯ ದಪ್ಪ ಲೈನು ಬಂತು. ಅದು ಧೊಪ್ಪನೆ ಬಿದ್ದು ಇದ್ದಬದ್ದ ಮೀನನ್ನೆಲ್ಲ ಓಡಿಸಿತು. ಮಧ್ಯಮ ಉದ್ದದ್ದು ಬಂತು, ತುದಿ ಮುಳುಗುವಂಥದ್ದು ಬಂತು. ಗಾಳ ಹೊಳೆಯ ಅರ್ಧವನ್ನೂ ದಾಟಲಿಲ್ಲ. ಪ್ರತಿ ಸಲವೂ ಅಕ್ಕ ಲೈನಿನಲ್ಲಿ ಒಂದು ಹೊಸ ದೋಷ ಕಂಡುಹಿಡಿದಳು. ಅಡುಗೆಮನೆಯ ತಕ್ಕಡಿಯಲ್ಲಿ ಅದನ್ನು ತೂಗುವ ಮಟ್ಟಕ್ಕೆ ಹೋದಳು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಕೈ ಸತ್ತಿದೆ, ದಾರವನ್ನು ಯಾಕೆ ಬೈತೀಯ ಎಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ಮಡಿಲಲ್ಲಿ ಹೊಸ ಡಬ್ಬಿ ಇಟ್ಟುಕೊಂಡು ಕಾರಿನಲ್ಲಿ ಕೂರುವ ಅವಳನ್ನು ನೋಡಿ ಮಾತನ್ನು ನುಂಗಿಕೊಂಡೆ.

ಒಂದು ಸಂಜೆ ಅಂಗಡಿಯವನು ಅಕ್ಕನನ್ನೂ ನನ್ನನ್ನೂ ಕರೆಸಿದ. ಕೌಂಟರಿನ ಮೇಲೆ ಹಸಿರು ಲೈನಿನ ಒಂದು ಸುರುಳಿ ಇತ್ತು.

"ಅದೇ ಥರದ ಕೋಲು ತಗೊಂಡು ನಾನೇ ಹೊಳೆಗೆ ಹೋಗಿ ನೋಡ್ದೆ ಅಕ್ಕಾವ್ರೇ. ಇದು ಹೂವು ಎತ್ತಿದ ಹಾಗೆ ಹೋಗಿ ಬಂಡೆ ಮುಟ್ಟುತ್ತೆ. ಆ ಕೋಲಿಗೆ ಇದಕ್ಕಿಂತ ಸರಿಯಾದ ಲೈನು ಇಲ್ಲ."

ನನಗೆ ಖುಷಿಯಾಯಿತು. ಅಕ್ಕನ ಮುಖ ಮಾತ್ರ ಬಿಳಿಚಿಕೊಂಡಿತು.

"ಇದೂ ಮುಟ್ಟಲಿಲ್ಲ ಅಂದ್ರೆ?"

ಅವನು ತಲೆ ತಗ್ಗಿಸಿದ. "ಹಾಗಾದ್ರೆ ತಪ್ಪು ಲೈನಿಂದಲ್ಲ."

"ಹಾಗಾದ್ರೆ ಇದು ಬೇಡ. ಸರಿ ಇಲ್ಲದ್ದು ಒಂದು ಕೊಡಿ."

"ಏನಂದ್ರಿ?"

"ಏನಾದ್ರೂ ಒಂದು ಐಬು ಇರೋದು ಕೊಡಿ. ಅವರು ಬೈಯೋಕೆ ಏನಾದ್ರೂ ಇರ್ಬೇಕು. ಬೈಯೋಕೆ ಏನೂ ಇಲ್ಲ ಅಂತ ಗೊತ್ತಾದ ದಿನ ಅವರು ಮತ್ತೆ ಗೋಡೆ ಕಡೆ ತಿರುಗಿ ಮಲಗ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ." ನಿಜಕ್ಕೂ ಬೀಳಲು ಹೊರಟಳು. ನಾನು ತೋಳು ಹಿಡಿದೆ.

ಅಂಗಡಿಯವನು ಇನ್ನೊಂದು ಕಪಾಟಿನಿಂದ ಒಂದು ಡಬ್ಬಿ ತಂದಿಟ್ಟ. "ಇದು ಒಂದು ಕೈ ಕೋಲಿನ ಲೈನು. ಡಬ್ಬಿ ಮೇಲೆ ಆ ಕೋಲಿನ ನಂಬರೇ, ಎಂಟು ಅಂತಾನೇ ಇದೆ, ಆದ್ರೆ ಎರಡು ಕೈ ಕೋಲಿನ ಎಂಟನೇ ನಂಬರ್ ಲೈನಿನ ಮುಂದೆ ಇದರ ತೂಕ ಅರ್ಧಾನೂ ಬರಲ್ಲ. ಆ ಕೋಲನ್ನ ಇದು ಬಗ್ಗಿಸೋಕೇ ಆಗಲ್ಲ. ಗಟ್ಟಿಮುಟ್ಟಾದವನು ಬೀಸಿದ್ರೂ ಬಂಡೆ ಮುಟ್ಟಲ್ಲ." ಹಸಿರು ಸುರುಳಿಯನ್ನು ಅವನು ಒಳಗಿಟ್ಟ.

ಆ ಭಾನುವಾರ ಲೈನನ್ನು ಕೋಲಿಗೆ ಪೋಣಿಸಿದವನು ನಾನು. ಭಾವ ಎಡಗೈ ಬೆರಳುಗಳ ನಡುವೆ ಅದನ್ನು ಒಂದು ಮಾರು ಎಳೆದರು. ಬೆರಳು ಅಲ್ಲೇ ನಿಂತಿತು. ಆಮೇಲೆ ನೀರಿಗಿಳಿದರು. ಬಲಗೈಯನ್ನು ಅಕ್ಕನೇ ಕೋಲಿನ ಮೇಲೆ ಇಟ್ಟು ಬೆರಳು ಮಡಚಿದಳು. ಭಾವ ಹಲ್ಲು ಕಚ್ಚಿ ಎಳೆದರು. ಕೋಲು ಬಾಗಲಿಲ್ಲ. ಗಾಳ ಗಾಳಿಗೆ ಸಿಕ್ಕಿದ ಹತ್ತಿಯ ಹಾಗೆ ತೇಲಿ ಪಕ್ಕದಲ್ಲೇ ಬಿತ್ತು. ಮತ್ತೆ ಬೀಸಿದರು, ಮತ್ತೆ ಬಿತ್ತು.

"ಲೈನೇ ಸರಿ ಇಲ್ಲ ರೀ!" ಅಕ್ಕನ ದನಿ ಒಡೆದುಹೋಗಿತ್ತು.

"ಹೌದು ಕಣೇ. ಲೈನೇ ಸರಿ ಇಲ್ಲ" ಎಂದರು ಭಾವ.

ಅವಳು ಟೀ ತರಲು ಕಾರಿನ ಕಡೆ ಹೋದಳು. ನಾನು ಭಾವನ ಸೊಂಟ ಹಿಡಿದು ದಡಕ್ಕೆ ಹತ್ತಿಸುತ್ತಿದ್ದೆ.

"ಇದು ಒಂದು ಕೈ ಕೋಲಿನ ಲೈನು" ಎಂದರು, ಮೆಲ್ಲಗೆ. "ಮುಟ್ಟಿದ ಕೂಡಲೇ ಗೊತ್ತಾಯ್ತು. ನೀನು ತಂದಿದ್ದಾ, ಅವಳಾ?"

ನಾನು ಕಾರಿನ ಕಡೆ ನೋಡಿದೆ.

"ಅವಳೇ ಇರ್ಬೇಕು. ನನ್ನ ಕೈ ಹೋಗಿದೆ ಅಂತ ನನಗೆ ಮೊದಲನೇ ಭಾನುವಾರಾನೇ ಗೊತ್ತಾಯ್ತು ಕಣೋ. ಬಂಡೆ ಮುಟ್ಟೋ ಲೈನು ಈ ಪ್ರಪಂಚದಲ್ಲೇ ಇಲ್ಲ ನನಗೆ. ಅವತ್ತೇ ಎಲ್ಲಾ ಸಾಕು ಅನ್ಸಿತ್ತು. ಆದ್ರೆ ಉದ್ದ ಆಯ್ತು ಅಂದ್ಳಲ್ಲ, ಆಗ ಅವಳ ಮುಖ ನೀನು ನೋಡಲಿಲ್ಲ. ಇನ್ನೊಂದು ಲೈನು ಇದೆ ಅನ್ನೋದೊಂದರ ಮೇಲೇ ಅವಳು ಉಸಿರು ಹಿಡ್ಕೊಂಡಿದಾಳೆ. ಅದನ್ನ ಹೇಗೆ ಕಿತ್ಕೊಳ್ಳಲಿ? ಅದಕ್ಕೇ ಬರ್ತೀನಿ. ಬೀಸ್ತೀನಿ. ಅವಳಿಗೆ ಹೇಳ್ಬೇಡ."

ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಿ ಗೋಳೋ ಎಂದು ಅತ್ತುಬಿಡಬೇಕು ಅನ್ನಿಸಿತು ನನಗೆ. ಅಕ್ಕ ಬಂದಳು. ಭಾವ ಟೀ ಕುಡಿಯುತ್ತ, ಮುಂದಿನ ವಾರ ಸ್ವಲ್ಪ ಭಾರದ್ದು ನೋಡೋಣ ಎಂದರು. ಅವಳು ನೋಡೋಣ, ನೋಡೋಣ ಎಂದು ಎರಡೆರಡು ಸಲ ಹೇಳಿದಳು.

ಭಾವನನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ಅಕ್ಕ ನನ್ನ ಅಂಗಿಯ ತೋಳು ಎಳೆದಳು.

"ಅವರಿಗೆ ಗೊತ್ತಾಗಲಿಲ್ಲ ಅಲ್ವಾ?"

"ಇಲ್ಲ ಅಕ್ಕ," ಎಂದೆ. "ಏನೂ ಗೊತ್ತಾಗಲಿಲ್ಲ."