ಮಂಜಪ್ಪಣ್ಣನ ಕಹಿ

ಯಾರೇ ಆಗಲಿ, ಎದುರಿನವರ ಕೈಗೆ ಲೋಟ ಕೊಟ್ಟ ಮೇಲೆ ತಮ್ಮ ಲೋಟ ಎತ್ತಿಕೊಳ್ಳುತ್ತಾರೆ. ಸೊರಬದ ಮಂಜಪ್ಪಣ್ಣ ಕನ್ನಡಕ ಎತ್ತಿಕೊಳ್ಳುತ್ತಿದ್ದರು. ಅಂಗಿಯ ತುದಿಯಲ್ಲಿ ಗಾಜು ಒರೆಸಿ, ಮೂಗಿಗೇರಿಸಿ, ಸ್ಟೂಲನ್ನು ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, "ಹ್ಞೂಂ, ಈಗ ಕುಡೀರಿ ಮೇಷ್ಟ್ರೆ" ಎನ್ನುತ್ತಿದ್ದರು. ಅಷ್ಟು ಆಸ್ಥೆಯಿಂದ ನನ್ನ ಮುಖವನ್ನು ನನ್ನ ಹೆಂಡತಿಯೂ ನೋಡಿದವಳಲ್ಲ.

ಅವರದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಅದಕ್ಕೂ ಮೊದಲು ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದಿದ್ದರು. ಇಟಲಿಯ ಬಂದರೊಂದರಲ್ಲಿ ಹೊಟ್ಟೆ ಉಬ್ಬರಿಸಿ ಒದ್ದಾಡುತ್ತಿದ್ದಾಗ ಖಾನಾವಳಿಯ ಮುದುಕಿಯೊಬ್ಬಳು ಕಪ್ಪಗಿನ ಮದ್ಯ ಕುಡಿಸಿದಳಂತೆ. ಬೇರು, ತೊಗಟೆ, ಸಿಪ್ಪೆ ನೆನೆಹಾಕಿ ಮಾಡಿದ ಅದಕ್ಕೆ ಅಮಾರೊ ಎಂದು ಹೆಸರು; ಅವರ ಭಾಷೆಯಲ್ಲಿ ಕಹಿ ಎಂದೇ ಅರ್ಥ.

"ಮೊದ್ಲು ಮುಖ ಮುದುಡಿ ಮುದ್ದೆ ಆಗ್ತದೆ. ಆಮೇಲೆ ತಾನೇ ಬಿಚ್ಕೊಳ್ತದೆ. ಆ ಬಿಚ್ಕೊಳ್ಳೋದಿದೆಯಲ್ಲ ಮಾರಾಯ್ರೆ, ಅದಕ್ಕೇ ಅಲ್ಲಿ ಊಟ ಆದ್ಮೇಲೆ ಊರಿಗೂರೇ ಕಾಯ್ತಾ ಕೂತಿರ್ತದೆ!"

ಸಾಯುವುದರೊಳಗೆ ಆ ಕಹಿಯನ್ನು ಸೊರಬದಲ್ಲೇ ಮಾಡಬೇಕೆಂಬುದು ಅವರ ಹಟ. ಉಪ್ಪಿನಕಾಯಿ ಭರಣಿಗೆ ಬ್ರಾಂದಿ ಸುರಿದು ನೆಲಬೇವು, ಅಮೃತಬಳ್ಳಿ, ಕಿತ್ತಳೆ ಸಿಪ್ಪೆ, ಲಾವಂಚದ ಬೇರು ಹಾಕಿಟ್ಟರು. ಅಷ್ಟರಲ್ಲಿ ಕೊರೊನಾ ಬಂದು, ಅವರ ಜೀವ ಉಳಿಸಿ ನಾಲಿಗೆಯ ರುಚಿಯನ್ನು ಒಯ್ದಿತು. ಉಪ್ಪೂ ಒಂದೇ, ಬೆಲ್ಲವೂ ಒಂದೇ. ಬೇರೆಯವರಾಗಿದ್ದರೆ ಭರಣಿ ತೊಳೆದಿಡುತ್ತಿದ್ದರು. ಇವರು "ನಾಲಿಗೆ ಹೋದ್ರೆ ಹೋಯ್ತು, ಕಣ್ಣಿದಾವಲ್ಲ" ಎಂದು ನಮ್ಮ ಮುಖ ನೋಡಿಯೇ ಹದ ತಿಳಿಯಲು ಹೊರಟರು.

ಶಿಕಾರಿಪುರದಿಂದ ಸುಟ್ಟ ಮೋಟಾರು ಹೊತ್ತು ತಂದಿದ್ದ ನಾನು ಒಂದು ಗುಟುಕು ಕುಡಿದು ಭಾನುವಾರದ ಭಕ್ತನಾದೆ. ಊಟದ ಹೊತ್ತು ಕಳೆದರೆ ಸಾಕು, ನನ್ನಂಥ ಐದಾರು ಮಂದಿ ಅಲ್ಲಿ ಸೇರುತ್ತಿದ್ದೆವು. ಆದರೆ ನಮ್ಮ ಕಡೆ ಕೊಟ್ಟವರ ಎದುರು ಮುಖ ಕಿವುಚುವ ಪದ್ಧತಿ ಉಂಟೇ? ಎಲ್ಲರೂ ಹಲ್ಲು ಕಿರಿದು "ಭಾಳ ಚೆನ್ನಾಗಿದೆ" ಎನ್ನುತ್ತಿದ್ದೆವು. ಕಹಿ ಸಾಲದೆಂದುಕೊಂಡು ಅವರು ನೆಲಬೇವು ಸೇರಿಸುವರು. ಮುಂದಿನ ವಾರ ನಾವು ಇನ್ನಷ್ಟು ಹಲ್ಲು ಬಿಡುವೆವು. ಅವರು ಇನ್ನಷ್ಟು ಸೇರಿಸುವರು. ಕೊನೆಗೆ ಅದು ದೆವ್ವ ಬಿಡಿಸುವ ಹದಕ್ಕೆ ಬಂತು. ಒಬ್ಬರು ಬಾರದ ಫೋನನ್ನು ಕಿವಿಗಿಟ್ಟುಕೊಂಡು ಚರಂಡಿಯತ್ತ ಓಡಿದರು. ಆದರೂ ಮರುವಾರ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ; ಆ ಮನುಷ್ಯನ ಮೇಲಿನ ಪ್ರೀತಿ ಅಂಥದ್ದು.

ಪಕ್ಕದಂಗಡಿಯ ಟೇಲರ್ ಗೌಸ್ ಸಾಬರು ಮದ್ಯ ಮುಟ್ಟುವವರಲ್ಲ. ನಿಂಬೆ ಸೋಡಾ ಹಿಡಿದು ನಮ್ಮ ಜೊತೆ ಕೂರುತ್ತಿದ್ದರು. ಒಂದು ಭಾನುವಾರ ನಗು ತಡೆಯಲಾರದೆ ಸೋಡಾ ಅವರ ಮೂಗಿನಲ್ಲೇ ಬಂತು. "ಮಂಜಪ್ಪಣ್ಣ, ನೀವು ಆ ಕಡೆ ತಿರುಗಿದ ಕೂಡ್ಲೇ ಇವರ ಮುಖ ನೋಡ್ಬೇಕು! ಎಲ್ರೂ ಸುಳ್ಳು ಹೇಳ್ತಿದಾರೆ!"

ಮಂಜಪ್ಪಣ್ಣನ ಮುಖ ಇಳಿದುಹೋಯಿತು. "ನಿಮ್ಮ ಮುಖದಲ್ಲೇ ನಾನು ರುಚಿ ನೋಡ್ತಿದ್ನಲ್ರೀ. ನನಗೆ ಬೇರೆ ನಾಲಿಗೆ ಎಲ್ಲಿದೆ?"

ನಾವು ನಾಚಿಕೊಂಡು ಲೋಟಗಳನ್ನು ಬೆಂಚಿನ ಕೆಳಗೆ ಸರಿಸಿದೆವು. ಆಮೇಲೆ ಅವರೇ ಹೊಟ್ಟೆ ಹಿಡಿದು ನಗತೊಡಗಿದರು. "ಹಾಳಾಗ್ಲಿ ನಿಮ್ಮ ಮರ್ಯಾದೆ! ಇನ್ಮೇಲೆ ಚೆನ್ನಾಗಿದೆ ಅಂದೋರು ಎಲ್ರ ಲೋಟ ತೊಳೀಬೇಕು."

ಅಲ್ಲಿಂದ ನಮಗೆ ಹಬ್ಬ. ಕಣ್ಣು ಮುಚ್ಚಿ, ಮೂಗು ಸೊಟ್ಟಗೆ ಮಾಡಿ, ಥೂ ಎಂದು ಬೆಂಚು ಕುಟ್ಟುತ್ತಿದ್ದೆವು. ಮೋಟಾರು ತಂದ ರೈತರು ಬಾಗಿಲಲ್ಲೇ ನಿಂತು, ಇವರಿಗೆ ಕರೆಂಟ್ ಹೊಡೆದಿದೆಯೇ ಎಂದು ಗಾಬರಿಯಿಂದ ನೋಡುತ್ತಿದ್ದರು. ಮಂಜಪ್ಪಣ್ಣ ಮಾತ್ರ ಒಂದೊಂದು ಸುಕ್ಕನ್ನೂ ಗಮನಿಸಿ ನೆಲಬೇವು ಇಳಿಸಿದರು, ಸಿಪ್ಪೆ ಏರಿಸಿದರು, ಒಂದಿಷ್ಟು ಏಲಕ್ಕಿ ಹಾಕಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದೂ ಒಂದು ಭಾನುವಾರವೇ. ಅದೇ ವಾರ ಎದೆನೋವು ಬಂದು ತೀರಿಕೊಂಡರು. ಆ ಭಾನುವಾರ ಮಳೆಗೆ ಉಳಿದವರಾರೂ ಬಾರದೆ ನಾನೊಬ್ಬನೇ ಹೋಗಿದ್ದೆ. ಹೊಸ ಭರಣಿಯಿಂದ ಅರ್ಧ ಲೋಟ ಬಗ್ಗಿಸಿ ಕೊಟ್ಟು ಎದುರಿಗೆ ಕೂತರು. ಕುಡಿದೆ. ಮುಖ ಮುದುಡಿ ಮುದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಗಂಟಲಲ್ಲೇನೋ ಬೆಚ್ಚಗಾಗಿ, ಹುಬ್ಬು ಸಡಿಲಿ, ನನಗರಿವಿಲ್ಲದೆ ನಗು ಬಂತು.

"ಹಾಗೇ ಇರಿ ಮೇಷ್ಟ್ರೆ, ಅಲ್ಲಾಡಬೇಡಿ" ಎಂದು ಮಂಜಪ್ಪಣ್ಣ ನನ್ನ ಗಲ್ಲ ಹಿಡಿದುಕೊಂಡರು. ಕನ್ನಡಕದ ಹಿಂದೆ ಅವರ ಕಣ್ಣು ತುಂಬಿತ್ತು. ಲೋಟವನ್ನು ಅವರು ಮುಟ್ಟಲೂ ಇಲ್ಲ. ನನ್ನ ಮುಖ ನೋಡುತ್ತಲೇ ತುಟಿ ಚಪ್ಪರಿಸಿದರು.